ಟಿಕೇಟ್ ಮಾಸ್ತರ್

ಬೀದರ್ ಜಿಲ್ಲೆಯಲ್ಲಿ ಟಿಕೇಟ್ ಮಾಸ್ತರ್ ಎಂದು ಕರೆಸಿಕೊಳ್ಳುವವರು ರೈಲ್ವೆಯ ನೌಕರರಲ್ಲ, ಬಸ್ಸಿನ ಕಂಡಕ್ಟರೂ ಅಲ್ಲ. ಬಹುಪಾಲು ಅವರು ನಿವೃತ್ತ ಹೈಸ್ಕೂಲ್ ಮಾಸ್ತರರು. ಕೆಲವೊಮ್ಮೆ ಸಹಕಾರಿ ಬ್ಯಾಂಕಿನ ಕ್ಯಾಶಿಯರ್, ಅಪರೂಪಕ್ಕೊಬ್ಬರು ದನದ ಡಾಕ್ಟರು. ಅಂಚೆಚೀಟಿ ಕೂಡಿಸುವುದು ಅವರ ಕಸುಬು. ಅದರಲ್ಲೂ ಕವಿ, ಕಾದಂಬರಿಕಾರ, ನಾಟಕಕಾರರ ಮುಖವಿದ್ದ ಚೀಟಿಯಷ್ಟೇ ಬೇಕು. ಹಕ್ಕಿ, ಹೂವು, ಹುಲಿ, ಉಪಗ್ರಹಗಳ ಚೀಟಿ ಎದುರಿಗೆ ಬಂದರೆ ಮದುವೆಮನೆಯ ಬಾಗಿಲಲ್ಲಿ ಬೇರೆಯವರ ಚಪ್ಪಲಿ ದಾಟಿದಂತೆ ದಾಟಿ ಮುಂದೆ ಹೋಗುತ್ತಾರೆ.

ಹೆಸರು ಬಂದದ್ದು ಊರಿನ ಮಾತಿನಿಂದ. ಅಂಚೆ ಎಂಬುದು ಮೈಸೂರು ಸೀಮೆಯ ಶಬ್ದ. ಆ ಸಂಸ್ಥಾನದ ಅಂಚೆ 1889ರಲ್ಲೇ ಬ್ರಿಟಿಷರ ಅಂಚೆಯೊಳಗೆ ಸೇರಿಹೋದರೂ ಶಬ್ದ ಉಳಿಯಿತು. ನಿಜಾಮನ ಆಳ್ವಿಕೆಯಲ್ಲಿದ್ದ ಬೀದರಿನಲ್ಲಿ ಚಾಲ್ತಿಯಲ್ಲಿದ್ದದ್ದು ಟಪ್ಪಾಲು, ಲಿಫಾಫಾ, ಟಿಕೇಟು. ಹಳಬರು ಇಂದಿಗೂ ಲಿಫಾಫಾಕ್ಕೆ ಟಿಕೇಟು ಹಚ್ಚುತ್ತಾರೆಯೇ ಹೊರತು ಲಕೋಟೆಗೆ ಅಂಚೆಚೀಟಿ ಅಂಟಿಸುವುದಿಲ್ಲ. ಟಿಕೇಟು ಕೂಡಿಸುವ ಮಾಸ್ತರರು ಹೀಗೆ ಟಿಕೇಟ್ ಮಾಸ್ತರರಾದರು. ಇದರ ಫಲವಾಗಿ ಹಬ್ಬದ ದಿನಗಳಲ್ಲಿ ಅಪರಿಚಿತರು ಅವರ ಬಾಗಿಲು ಬಡಿಯುವುದುಂಟು.

“ಸರ್, ಯಶವಂತಪುರ ಗಾಡಿಗಿ ವೇಟಿಂಗ್ ಅದ. ಕನ್ಫರ್ಮ್ ಆಗ್ತದೇನ್ರಿ?”

“ನಮ್ಮ ಬಲ್ಲಿ ಗಾಲಿಬ್ ಆದಾನ, ಪ್ರೇಮಚಂದ ಆದಾನ. ಬರ್ತ್ ಇಲ್ರಿ.”

ಬಂದವರು ಇವರಿಬ್ಬರೂ ಏಜೆಂಟರೆಂದು ತಿಳಿದು ಅವರ ಮೊಬೈಲ್ ನಂಬರು ಕೇಳುತ್ತಾರೆ.

ಈ ಮಾಸ್ತರರಲ್ಲಿ ಮೂರು ಬಗೆ. ಬೀದರ್ ನಗರದವರು ತಮ್ಮನ್ನು ಮೂಲ ತಳಿ ಎಂದುಕೊಳ್ಳುತ್ತಾರೆ. ಹೊಸ ಚೀಟಿ ಸಿಗುವ ಬೆಂಗಳೂರಿನ ಫಿಲಾಟೆಲಿಕ್ ಬ್ಯೂರೋ ಇಲ್ಲಿಂದ ಸುಮಾರು ಏಳುನೂರು ಕಿಲೋಮೀಟರು. ಹೈದರಾಬಾದು ನೂರ ನಲವತ್ತರ ಆಸುಪಾಸು. ಆದ್ದರಿಂದ ಕನ್ನಡ ಕವಿಯ ಚೀಟಿ ಬೇಕಾದರೂ ಬೀದರಿನವರು ತೆಲುಗರ ಊರಿಗೇ ಹೋಗುತ್ತಾರೆ. ಆಬಿಡ್ಸಿನ ಫುಟ್‌ಪಾತಿನ ಮೇಲೆ ಭಾನುವಾರ ನಡೆಯುವ ಹಳೆ ಪುಸ್ತಕಗಳ ಬಜಾರು ಅವರ ಪಾಲಿಗೆ ಜಾತ್ರೆ. ಅಲ್ಲಿ ಅವರು ಪುಸ್ತಕ ಎತ್ತಿ, ಬೆನ್ನು ಹಿಡಿದು, ತಲೆಕೆಳಗಾಗಿ ಕೊಡವುತ್ತಾರೆ. ಒಳಗಿನಿಂದ ಹಳೆಯ ಪಾಕೀಟೊಂದು ಉದುರಿದರೆ ಪುಸ್ತಕ ಕೊಳ್ಳುತ್ತಾರೆ. ಕಾಗದವೇನೂ ಉದುರದಿದ್ದರೆ ಇದ್ದಲ್ಲೇ ಇಡುತ್ತಾರೆ. ಅಂಗಡಿಯವನು ಪುಸ್ತಕದ ಹೆಸರು ಹೇಳಿ ರೇಟು ಹೆಚ್ಚಿಸಲು ನೋಡುತ್ತಾನೆ, ಮಾಸ್ತರರಿಗೆ ಹೆಸರು ಕೇಳಿಸುವುದೇ ಇಲ್ಲ.

ಭಾಲ್ಕಿಯವರು ಸಂಭಾವಿತರು, ಕೊಂಚ ಗುಟ್ಟಿನವರು. ಇದಕ್ಕೆ ಊರಿನ ಚರಿತ್ರೆಯಲ್ಲಿ ಆಧಾರವಿದೆ ಎಂದು ಅವರ ವಾದ. ಉರ್ದುವೇ ಶಾಲೆಯ ಭಾಷೆಯಾಗಿದ್ದ ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದೇವರು (1890–1999) ಹೊರಗೆ ಉರ್ದು ಹಲಗೆ ತೂಗಿಸಿ ಒಳಗೆ ಕನ್ನಡ ಕಲಿಸಿದರು. ಗಡಿಯಲ್ಲಿ ಕನ್ನಡ ಉಳಿದ ಕಥೆ ಹೇಳುವಾಗ ಈ ಹಲಗೆ ಬಾರದೆ ಇರುವುದಿಲ್ಲ. ಭಾಲ್ಕಿಯ ಟಿಕೇಟ್ ಮಾಸ್ತರರು ಇದೇ ಉಪಾಯವನ್ನು ತಮ್ಮ ಅಳತೆಗೆ ಹೊಲಿಸಿಕೊಂಡಿದ್ದಾರೆ. ಆಲ್ಬಮ್ಮಿನ ರಟ್ಟಿನ ಮೇಲೆ “ಕಿರಾಣಿ ಲೆಕ್ಕ” ಎಂದು ದಪ್ಪ ಅಕ್ಷರ, ಒಳಗೆ ಟ್ಯಾಗೋರ್. ಪಟ್ಟದೇವರು ಅಂಜಬೇಕಿದ್ದದ್ದು ನಿಜಾಮನ ಇನ್ಸ್ಪೆಕ್ಟರಿಗೆ. ಮಾಸ್ತರರು ಅಂಜುವುದು ಮನೆಯವರಿಗೆ. ಮನೆಯವರು ಮೊದಲನೇ ವಾರವೇ ರಟ್ಟು ತೆರೆದು ನೋಡಿರುತ್ತಾರೆ, ಗೊತ್ತಿಲ್ಲದಂತೆ ಇರುತ್ತಾರೆ.

ಔರಾದಿನವರದು ಬೇರೆಯೇ ಶಾಸ್ತ್ರ. ಔರಾದಿಗೆ ರೈಲಿಲ್ಲ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸಾಲದ್ದಕ್ಕೆ ಗಡಿಯಾಚೆ ಲಾತೂರ ಜಿಲ್ಲೆಯಲ್ಲಿ ಔರಾದ ಶಹಾಜಾನಿ ಎಂಬ ಇನ್ನೊಂದು ಊರಿದೆ. ಎರಡು ಔರಾದುಗಳ ನಡುವೆ ಕಾಗದ ಗೊಂದಲಕ್ಕೆ ಬೀಳುವುದು ಸಹಜ. ಬೇರೆಯವರಿಗೆ ತಾಪತ್ರಯವಾದ ಈ ಗೊಂದಲವೇ ಔರಾದಿನ ಮಾಸ್ತರರಿಗೆ ಹಬ್ಬ. ದಾರಿತಪ್ಪಿದ ಪಾಕೀಟು ತಿರುಗಿದ ಊರುಗಳ ಸಿಕ್ಕಾ ಹೊಡೆಸಿಕೊಂಡು, “ಇಲ್ಲಿ ಇಲ್ಲ, ಅಲ್ಲಿ ನೋಡಿ” ಎಂಬ ಕೆಂಪು ಶಾಯಿಯ ಷರಾ ಹೊತ್ತು ಮರಳಿದರೆ ಸಂಗ್ರಾಹಕರಲ್ಲಿ ಅದಕ್ಕೆ ಮಾನ ಹೆಚ್ಚು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂದದ್ದೇ ಇಂಥ ಅಲೆದಾಟ ತಪ್ಪಿಸಲು. ಔರಾದಿನ ಮಾಸ್ತರರು ತಮಗೆ ತಾವೇ ಬರೆದುಕೊಳ್ಳುವ ಕಾಗದದಲ್ಲಿ ಪಿನ್ ಕೋಡನ್ನು ಬೇಕೆಂದೇ ಬಿಡುತ್ತಾರೆ. ಜಿಲ್ಲೆಯ ಹೆಸರನ್ನು ಮಳೆಹನಿ ಬಿದ್ದಂತೆ ಕಲೆಸುತ್ತಾರೆ. ಆದರೂ ಅಂಚೆಯವನು ಮೂರನೇ ದಿನವೇ ತಂದುಕೊಟ್ಟು, “ಕೋಡ್ ಬರ್ಯೋದು ಮರೀತೀರಿ ಸರ್, ನಾನೇ ಹಾಕೀನಿ” ಎಂದು ಉಪಕಾರ ಮಾಡಿದ ಮುಖದಲ್ಲಿ ನಿಲ್ಲುತ್ತಾನೆ.

ಮೂರೂ ಬಗೆಗೆ ಸಾಮಾನ್ಯವಾದದ್ದು ಚೀಟಿ ಬಿಡಿಸುವ ಕ್ರಿಯೆ. ಅದು ಅಡುಗೆಮನೆಯಲ್ಲಿ, ಮಧ್ಯಾಹ್ನದ ಊಟವಾಗಿ ಮನೆಯವರು ಅಡ್ಡಾದ ಮೇಲೆ ನಡೆಯುತ್ತದೆ. ಪಾಕೀಟಿನಿಂದ ಚೀಟಿಯನ್ನು ಎಂದೂ ಕೀಳಬಾರದು. ಚೀಟಿಯ ಸುತ್ತ ಒಂದು ಬೆರಳು ಕಾಗದ ಬಿಟ್ಟು ಕತ್ತರಿಸಿ, ರೊಟ್ಟಿ ಹಿಟ್ಟು ನಾದುವ ಪರಾತದಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಮುಖ ಮೇಲಾಗಿ ತೇಲಿಬಿಡಬೇಕು. ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಅಂಟು ಕರಗಿ ಚೀಟಿ ತಾನಾಗಿ ಕಾಗದ ಬಿಟ್ಟು ಜಾರುತ್ತದೆ. ಆಗ ಚಿಮುಟದಿಂದ ಎತ್ತಿ, ಹಳೆಯ ಪತ್ರಿಕೆಯ ಮೇಲೆ ಮುಖ ಕೆಳಗಾಗಿ ಮಲಗಿಸಬೇಕು. ಬಣ್ಣದ ಪಾಕೀಟಿದ್ದರೆ ಬಣ್ಣ ಬಿಟ್ಟು ಉಳಿದವರಿಗೂ ಹತ್ತುತ್ತದೆ. ಲಗ್ನಪತ್ರಿಕೆಯ ಕೆಂಪು ಲಿಫಾಫಾದ ಜೊತೆಗೆ ನೆನೆಸಿದ್ದರಿಂದ ಕಬೀರನ ಗಡ್ಡ ಗುಲಾಬಿಯಾದ ಉದಾಹರಣೆ ಪ್ರತಿ ಊರಿನಲ್ಲೂ ಒಂದೊಂದಿದೆ. ಹೊಸ ತರದ, ಸ್ಟಿಕರಿನಂಥ ಅಂಟಿರುವ ಚೀಟಿಗಳು ನೀರಿಗೆ ಬಗ್ಗುವುದಿಲ್ಲ; ಅವುಗಳ ಬಗ್ಗೆ ಮಾಸ್ತರರು ಮಾತಾಡಲು ಇಷ್ಟಪಡುವುದಿಲ್ಲ. ಸಂಜೆ ರೊಟ್ಟಿಗೆ ಪರಾತ ಬೇಕಾದಾಗ ಅದರಲ್ಲಿ ಮೀರಾ, ಸೂರದಾಸರು ಇನ್ನೂ ತೇಲುತ್ತಿದ್ದರೆ ಮನೆಯವರ ಮಾತು ಚಿಕ್ಕದಾಗಿರುತ್ತದೆ: “ನಿಮ್ಮ ಮಂದೀಗಿ ಎಬ್ಬಸ್ರಿ.”

ಒಣಗಿದ ಚೀಟಿ ಸುರುಳಿಯಾಗುತ್ತದೆ. ಅದನ್ನು ಸಪಾಟ ಮಾಡಲು ಭಾರ ಹೇರಬೇಕು. ಸಾಹಿತ್ಯಕ್ಕೂ ಟಿಕೇಟ್ ಮಾಸ್ತರರಿಗೂ ಇರುವ ನೇರ ಸಂಬಂಧ ಶುರುವಾಗುವುದು ಇಲ್ಲಿಂದ. ಮುಗಿಯುವುದೂ ಬಹುತೇಕ ಇಲ್ಲೇ. ಅವರ ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿಲ್ಲ, ಎಲ್ಲವೂ ಭಾರದ ಲೆಕ್ಕದಲ್ಲಿ ತಂದವು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಏಕಕಾಲಕ್ಕೆ ನಲವತ್ತು ಚೀಟಿ ತಡೆಯುತ್ತದೆ. ಗೋಕಾಕರ ‘ಭಾರತ ಸಿಂಧು ರಶ್ಮಿ’ಗೆ ಇದಕ್ಕೂ ಹೆಚ್ಚಿನ ಗೌರವ. ಬೇಂದ್ರೆಯವರಿಗೆ ಜ್ಞಾನಪೀಠ ತಂದ ‘ನಾಕು ತಂತಿ’ ಮಾತ್ರ ತೆಳುವಾದ ಸಂಕಲನ. ಆ ಪುಸ್ತಕದ ಬಗ್ಗೆ ಮಾಸ್ತರರ ಅಭಿಪ್ರಾಯ ಕೇಳಿದರೆ, “ಹಗುರ ಅದ್ರಿ” ಎನ್ನುತ್ತಾರೆ. ವಿಮರ್ಶೆ ಕೇಳಲು ಹೋದವರು ಇದರ ಅರ್ಥ ಹುಡುಕುತ್ತ ಮನೆಗೆ ಬರುತ್ತಾರೆ.

ಇಷ್ಟಾದರೂ ಅವರನ್ನು ಅಜ್ಞಾನಿಗಳೆಂದು ಕರೆಯುವುದು ಅನ್ಯಾಯ. ಲೇಖಕರ ಹುಟ್ಟಿದ ತಾರೀಖು, ಸತ್ತ ತಾರೀಖು, ಯಾರು ಕನ್ನಡಕ ಹಾಕುತ್ತಿದ್ದರು, ಯಾರ ಶಾಲು ಯಾವ ಹೆಗಲಿಗೆ, ಇವೆಲ್ಲ ಅವರ ನಾಲಿಗೆಯ ತುದಿಯಲ್ಲಿವೆ. ಸ್ವತಂತ್ರ ಭಾರತ ಕವಿಗಳಿಗೆಂದು ಸರಣಿ ಹೊರಡಿಸಿದ್ದು 1952ರ ಅಕ್ಟೋಬರ್ 1ರಂದು. ಆರು ಚೀಟಿ: ಕಬೀರ ಒಂಬತ್ತು ಪೈ, ತುಳಸೀದಾಸರು ಒಂದಾಣೆ, ಮೀರಾ ಎರಡಾಣೆ, ಸೂರದಾಸರು ನಾಲ್ಕಾಣೆ, ಗಾಲಿಬ್ ನಾಲ್ಕೂವರೆ ಆಣೆ, ಟ್ಯಾಗೋರ್ ಹನ್ನೆರಡಾಣೆ. ಆಣೆಗೆ ಹನ್ನೆರಡು ಪೈ. ಅಂದರೆ ಸರ್ಕಾರದ ತಕ್ಕಡಿಯಲ್ಲಿ ಒಬ್ಬ ಟ್ಯಾಗೋರ್ ಹದಿನಾರು ಕಬೀರರಿಗೆ ಸಮ. ಸೂರದಾಸರಿಗಿಂತ ಗಾಲಿಬ್ ಅರ್ಧಾಣೆ ಮೇಲು. ವಿಮರ್ಶಕರು ಇಷ್ಟು ಖಚಿತವಾಗಿ ಹೇಳುವ ಧೈರ್ಯ ಎಂದೂ ಮಾಡಿಲ್ಲ. ಬೀದರಿನಲ್ಲಿ ಉರ್ದು ಬಲ್ಲ ಮಾಸ್ತರರು ಈ ಅರ್ಧಾಣೆಯನ್ನು ನೆನಪಿಸದೆ ಚಹಾ ಮುಗಿಸುವುದಿಲ್ಲ.

ಆ ಆರರಲ್ಲಿ ಕನ್ನಡದವರಿಲ್ಲ. ಪುರಂದರದಾಸರು ಬಂದದ್ದು 1964ರಲ್ಲಿ. ನವಕೋಟಿ ನಾರಾಯಣನೆನಿಸಿದ್ದು ಎಲ್ಲವನ್ನೂ ಬಿಟ್ಟು ಹೊರಟ ವ್ಯಾಪಾರಿಗೆ ಅಂಚೆ ಇಲಾಖೆ ಕಟ್ಟಿದ ಬೆಲೆ ಹದಿನೈದು ಪೈಸೆ. ಬಸವಣ್ಣನವರದು 1967ರ ಮೇ 11ರಂದು, ಅದೂ ಹದಿನೈದು ಪೈಸೆಯದೇ. ಡಿ.ವಿ.ಜಿ. 1988ರಲ್ಲಿ ಬಂದರು. ಆಮೇಲೆ ಕುವೆಂಪು, ಬೇಂದ್ರೆ, ಮಾಸ್ತಿ, ಗೋಕಾಕ ಈ ನಾಲ್ವರು ಜ್ಞಾನಪೀಠಿಗಳು ಒಂದೇ ಚೀಟಿಯಲ್ಲಿ ಬಂದರು. ನಾಲ್ಕು ಮಂದಿ ಹಿರಿಯರನ್ನು ಒಂದೇ ಆಟೋದಲ್ಲಿ ಕೂಡಿಸಿ ಕಳಿಸಿದರೆಂದು ಧಾರವಾಡದವರಿಗೂ ಮೈಸೂರಿನವರಿಗೂ ಬೇಸರವಾಗಿರಬಹುದು. ಬೀದರಿನ ಮಾಸ್ತರರಿಗೆ ಮಾತ್ರ ಒಂದರ ರೊಕ್ಕದಲ್ಲಿ ನಾಲ್ಕು ಸಿಕ್ಕಿದ್ದು ಲಾಭವೇ. ಆ ಚೀಟಿ ಅವರ ಆಲ್ಬಮ್ಮಿನಲ್ಲಿ ಒಂದು ಇಡೀ ಪುಟಕ್ಕೆ ಒಡೆಯ; ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ಕಿನ ಮೇಲೆ ಬಟರ್ ಪೇಪರು.

ಸಾಹಿತಿ ಎಂದರೆ ಯಾರು ಎಂಬ ಪ್ರಶ್ನೆ ಈ ವರ್ಗದಲ್ಲಿ ಎಂದೂ ತೀರ್ಮಾನವಾಗಿಲ್ಲ. ಬಸವಣ್ಣನವರು ವಚನಕಾರರಾದ್ದರಿಂದ ಸಾಹಿತ್ಯದ ಆಲ್ಬಮ್ಮಿಗೆ ಸೇರಬೇಕೆಂದು ಭಾಲ್ಕಿಯ ಪಕ್ಷ. ಬಸವಣ್ಣನವರನ್ನು ಯಾವುದೇ ಆಲ್ಬಮ್ಮಿನಲ್ಲಿ ಉಳಿದವರ ಸಾಲಿನಲ್ಲಿ ಕೂಡಿಸುವುದೇ ತಪ್ಪು, ಅವರು ಜಗಲಿಯ ಮೇಲೆ ಇರಬೇಕೆಂದು ಇನ್ನೊಂದು ಪಕ್ಷ. ಬಸವಕಲ್ಯಾಣ ನಮ್ಮದೇ ಜಿಲ್ಲೆಯಲ್ಲಿರುವುದರಿಂದ ಬೇರೆ ಜಿಲ್ಲೆಯವರು ಈ ಬಗ್ಗೆ ಮಾತಾಡಬಾರದೆಂಬಲ್ಲಿ ಎರಡೂ ಪಕ್ಷ ಒಂದಾಗುತ್ತವೆ. ಗಾಂಧೀಜಿಯ ಆತ್ಮಕಥೆ ಸಾಹಿತ್ಯವೆಂದು ಒಪ್ಪಿದರೆ ಆಲ್ಬಮ್ಮು ಒಡೆದುಹೋಗುತ್ತದೆ. 1948ರ ಆಗಸ್ಟ್ 15ರ ನಾಲ್ಕು ಚೀಟಿಗಳಲ್ಲಿ ಕೊನೆಯದಕ್ಕೆ ಆಗಲೇ ಹತ್ತು ರೂಪಾಯಿ. ಔರಾದಿನವರು ಇನ್ನೂ ಮುಂದೆ ಹೋಗಿ ಅಮೆರಿಕದ ಮೊಟ್ಟಮೊದಲ ಐದು ಸೆಂಟಿನ ಚೀಟಿಯನ್ನು (1847) ಬಯಸುತ್ತಾರೆ. ಅದರ ಮೇಲಿರುವ ಬೆಂಜಮಿನ್ ಫ್ರಾಂಕ್ಲಿನ್ ಬರಹಗಾರ, ಮುದ್ರಕ, ಮೇಲಾಗಿ ಪೋಸ್ಟ್‌ಮಾಸ್ಟರ್ ಜನರಲ್. ಇಂಥ ಸಾಹಿತಿ ಮತ್ತೆ ಹುಟ್ಟಿಬರಲಾರನೆಂದು ಅವರ ನಂಬಿಕೆ. ಆ ಚೀಟಿಯ ರೇಟಿನಲ್ಲಿ ಔರಾದಿನಲ್ಲಿ ಎಷ್ಟು ಎಕರೆ ತೊಗರಿ ಬಿತ್ತಬಹುದೆಂದು ಮನೆಯವರು ಒಮ್ಮೆ ಲೆಕ್ಕ ಹೇಳಿದ ಮೇಲೆ ಆ ಬಯಕೆ ಬಯಕೆಯಾಗಿಯೇ ನಿಂತಿದೆ. ವಿದೇಶಿಗಳಲ್ಲಿ ಅವರ ಕೈಗೆ ಎಟುಕುವುದು ರಷ್ಯಾದವು. ಸೋವಿಯತ್ ದೇಶ 1956ರಲ್ಲೇ ಕಾಳಿದಾಸನ ಚೀಟಿ ತಂದಿತ್ತು. ಭಾರತ ತನ್ನ ಕಾಳಿದಾಸನನ್ನು ನೆನೆದದ್ದು ನಾಲ್ಕು ವರ್ಷ ತಡವಾಗಿ. ಇಂಗ್ಲೆಂಡಿನವರು ರಾಜಮನೆತನದ ಹೊರಗಿನ ಮುಖಕ್ಕೆ ಚೀಟಿಯಲ್ಲಿ ಜಾಗ ಕೊಟ್ಟದ್ದೇ 1964ರಲ್ಲಿ, ಶೇಕ್ಸ್‌ಪಿಯರನಿಗೆ.

ಆದರೆ ಮೂರೂ ಊರಿನ ಮಾಸ್ತರರು ಒಂದೇ ಉಸಿರಿನಲ್ಲಿ ನೆನೆಯುವ ಚೀಟಿಯ ಮೇಲೆ ಯಾವ ಮುಖವೂ ಇಲ್ಲ. ಹೈದರಾಬಾದ್ ಸಂಸ್ಥಾನಕ್ಕೆ 1869ರಿಂದ ತನ್ನದೇ ಚೀಟಿಗಳಿದ್ದವು. ಆ ಟಪ್ಪಾಲು ಭಾರತದ ಅಂಚೆಯಲ್ಲಿ ಸೇರಿದ್ದು 1950ರಲ್ಲಿ. ನಿಜಾಮನ ಸರ್ಕಾರ 1931ರಲ್ಲಿ ಹೊರಡಿಸಿದ ಸಾಲಿನಲ್ಲಿ ಚಾರ್ಮಿನಾರು, ಹೈಕೋರ್ಟು, ಉಸ್ಮಾನ್ ಸಾಗರ, ಅಜಂತಾ ಗುಹೆಯ ದ್ವಾರ, ದೌಲತಾಬಾದಿನ ಮಿನಾರುಗಳ ಜೊತೆಗೆ ಹನ್ನೆರಡಾಣೆಯ ಒಂದು ಚೀಟಿಯಿದೆ. ಕ್ಯಾಟಲಾಗಿನಲ್ಲಿ ಅದರ ಹೆಸರು ‘ಬೀದರ್ ಕಾಲೇಜು’. ಇದನ್ನು ಕೇಳಿದ ಹುಡುಗರು, “ಯಾವ ಕಾಲೇಜ್ ಸರ್, ಪಿಯುಸಿದೋ ಡಿಗ್ರೀದೋ?” ಎಂದು ಕೇಳಿ ಮಾಸ್ತರರ ಬಿ.ಪಿ. ಏರಿಸುತ್ತಾರೆ. ಅದು ಮಹಮೂದ್ ಗವಾನನ ಮದರಸಾ, 1472ರ ಕಟ್ಟಡ. ಚೌಬಾರಾದಿಂದ ಕೋಟೆಯ ಕಡೆಗೆ ಹೊರಟರೆ ದಾರಿಯಲ್ಲೇ ಸಿಗುತ್ತದೆ. ಹದಿನೇಳನೇ ಶತಮಾನದ ಕೊನೆಯಲ್ಲಿ ಆದ ಅನಾಹುತದಲ್ಲಿ ಮುಂಭಾಗದ ಅರ್ಧ ಹಾರಿಹೋಗಿ, ಈಗ ನೀಲಿ ಹಂಚಿನ ಚೂರುಗಳನ್ನು ಮೈಗೆ ಹಚ್ಚಿಕೊಂಡ ಒಂದು ಮಿನಾರು ಉಳಿದಿದೆ.

ಕಟ್ಟಡದ ಚೀಟಿಗೆ ಸಾಹಿತಿಗಳ ಆಲ್ಬಮ್ಮಿನಲ್ಲೇನು ಕೆಲಸ ಎಂದು ಹೊಸಬರು ಆಕ್ಷೇಪಿಸುವುದುಂಟು. ಮಾಸ್ತರರು ಅದಕ್ಕೇ ಕಾಯುತ್ತಿರುತ್ತಾರೆ. ಬಹಮನಿ ಸುಲ್ತಾನರ ವಜೀರನಾಗಿದ್ದ ಗವಾನ್ ಬರಹಗಾರ. ಅವನು ಬರೆದದ್ದು ಬೇರೇನನ್ನೂ ಅಲ್ಲ, ಕಾಗದಗಳನ್ನೇ. ಅವನ ‘ರಿಯಾಜುಲ್ ಇನ್ಶಾ’ ಫಾರಸಿಯಲ್ಲಿ ಬರೆದ ಪತ್ರಗಳ ಸಂಕಲನ. ಅದರಲ್ಲಿ ತನ್ನ ಹುಟ್ಟುನಾಡು ಗೀಲಾನಿಗೆ, ತುರ್ಕರ ಸುಲ್ತಾನನಿಗೆ, ಕವಿ ಜಾಮಿಗೆ ಹೋದ ಓಲೆಗಳಿವೆ. ‘ಮನಾಜಿರುಲ್ ಇನ್ಶಾ’ ಎಂಬ ಅವನ ಇನ್ನೊಂದು ಗ್ರಂಥ ಕಾಗದ ಹೇಗೆ ಬರೆಯಬೇಕೆಂಬುದರ ಶಾಸ್ತ್ರವೇ. ಪತ್ರ ಬರೆಯುವ ಕಲೆಯ ಮೇಲೆ ಪುಸ್ತಕ ಬರೆದವನ ಕಟ್ಟಡ ಅಂಚೆಚೀಟಿಯ ಮೇಲೆ ಬರುವುದಕ್ಕಿಂತ ಹೆಚ್ಚಿನ ನ್ಯಾಯ ಇನ್ನೇನಿದೆ? ಅವನನ್ನು ಕೊಂದದ್ದೂ ಒಂದು ಕಾಗದವೇ. ವೈರಿಗಳು ಅವನ ಮುದ್ರೆ ಕಾಯುವವನನ್ನು ಒಳಗೆ ಹಾಕಿಕೊಂಡು, ಖಾಲಿ ಹಾಳೆಗೆ ಮುದ್ರೆ ಒತ್ತಿಸಿ, ಒಡಿಶಾದ ರಾಜನಿಗೆ ಬರೆದಂತೆ ದ್ರೋಹದ ಪತ್ರ ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರೆಂದು ಚರಿತ್ರೆಕಾರ ಫೆರಿಸ್ತಾ ಹೇಳುತ್ತಾನೆ. 1481ರಲ್ಲಿ ಗವಾನನ ತಲೆ ಬಿತ್ತು. “ಸಿಕ್ಕಾ ಖರೇ, ಕಾಗದ ಖೋಟಾ” ಎಂದು ಮಾಸ್ತರರು ಈ ಇಡೀ ಅಧ್ಯಾಯವನ್ನು ನಾಲ್ಕು ಶಬ್ದಗಳಲ್ಲಿ ಮುಗಿಸಿ, ಎದುರಿಗಿರುವ ಪಾಕೀಟಿನ ಸಿಕ್ಕಾವನ್ನು ಭೂತಗನ್ನಡಿ ಹಿಡಿದು ಇನ್ನೊಮ್ಮೆ ಪರೀಕ್ಷಿಸುತ್ತಾರೆ.

ಈ ಹನ್ನೆರಡಾಣೆಯ ಚೀಟಿ ತಮ್ಮ ಬಳಿ ಇದೆಯೆಂದು ಬೀದರಿನವರು ಹೇಳುತ್ತಾರೆ, ಆದರೆ ತೋರಿಸುವುದಿಲ್ಲ. ಭಾಲ್ಕಿಯವರು ಇಲ್ಲವೆನ್ನುತ್ತಾರೆ, ಆದರೆ ಇರಬಹುದೆಂಬ ಗುಮಾನಿ ಎಲ್ಲರಿಗೂ ಇದೆ. ಔರಾದಿನವರು ಅದರ ಜೆರಾಕ್ಸ್ ಇಟ್ಟುಕೊಂಡಿದ್ದಾರೆ.

ಮೂರೂ ಊರಿನವರು ತಿಂಗಳಿಗೊಮ್ಮೆ ಬೀದರಿನ ಯಾವುದಾದರೂ ಚಹಾದ ಹೋಟೆಲಿನಲ್ಲಿ ಸೇರುತ್ತಾರೆ. ವ್ಯವಹಾರವೆಲ್ಲ ಅದಲುಬದಲಿನದು, ರೊಕ್ಕ ಮುಟ್ಟುವುದು ಕೀಳು. ಪಕ್ಕದ ಮೇಜಿನಲ್ಲಿ ಕುಳಿತ ಅಮಾಯಕರು ಈ ಮಾತು ಕೇಳಿ ಎದ್ದು ಹೋದದ್ದಿದೆ:

“ಮೀರಾಂದು ಹಲ್ಲು ಮುರದಾವ್ರಿ, ನಾ ಒಯ್ಯಂಗಿಲ್ಲ.”

“ಹಲ್ಲು ಬಿಡ್ರಿ, ಮಾರಿ ನೋಡ್ರಿ, ಮಾರಿ! ಬೇಕಾದ್ರ ತುಳಸೀದಾಸಗ ಸಂಗಾಟ ಕೊಡ್ತೀನಿ.”

“ತುಳಸೀದಾಸನ ಬೆನ್ನಿಗಿ ಅಂಟು ಉಳದದೇನು?”

“ಗಾಲಿಬಂದು ಹ್ಯಾಂಗ?”

“ಮಾರಿಮ್ಯಾಲೇ ಹೊಡದಾರ್ರಿ. ಗುರ್ತೇ ಸಿಗಂಗಿಲ್ಲ.”

ಹಲ್ಲೆಂದರೆ ಚೀಟಿಯ ಅಂಚಿನ ಹಲ್ಲು; ಹೊಡೆದವರು ಅಂಚೆ ಕಚೇರಿಯ ಸಿಕ್ಕಾದವರು. ಮುಖ ಉಳಿಸಿ ಮೂಲೆಗಷ್ಟೇ ಸಿಕ್ಕಾ ಬೀಳಬೇಕೆಂಬುದು ಮಾಸ್ತರರ ಜೀವಮಾನದ ಬೇಡಿಕೆ. ಕೌಂಟರಿನ ಮುಂದೆ ನಿಂತು, “ಮೆಲ್ಲಕ ಹೊಡೀರಿ, ಹಿರಿಯರದಾರ” ಎಂದು ವಿನಂತಿಸುತ್ತಾರೆ. ನಾಲ್ಕು ಚೀಲ ಟಪ್ಪಾಲು ಮುಗಿಸಬೇಕಾದ ಸಿಬ್ಬಂದಿಗೆ ಯಾರು ಹಿರಿಯರು, ಎಲ್ಲಿದ್ದಾರೆ ಎಂದು ತಿಳಿಯುವಷ್ಟರಲ್ಲಿ ಸಿಕ್ಕಾ ಬಿದ್ದಿರುತ್ತದೆ.

ಬದುಕಿರುವವರ ಚೀಟಿ ಹೊರಡಿಸುವ ರೂಢಿ ನಮ್ಮಲ್ಲಿಲ್ಲ. ಧೊಂಡೋ ಕೇಶವ ಕರ್ವೆಯವರು (1958), ಸರ್ ಎಂ. ವಿಶ್ವೇಶ್ವರಯ್ಯನವರು (1960) ಇದಕ್ಕಿರುವ ಕೆಲವು ಅಪವಾದಗಳಲ್ಲಿ ಸೇರಿದವರು. ಇಬ್ಬರೂ ನೂರು ವರ್ಷ ಬಾಳಿ ಆ ಹಕ್ಕು ಗಳಿಸಿದರು. ಇದರಿಂದ ತಾಲೂಕಿನ ಕವಿಗಳಿಗೆ ಇಕ್ಕಟ್ಟು. ಚೀಟಿಯ ಮೇಲೆ ಬರುವ ಆಸೆಯಿದೆ, ಅದಕ್ಕೆ ಇರುವ ಮೊದಲ ಷರತ್ತು ಪೂರೈಸುವ ಅವಸರವಿಲ್ಲ. 2011ರಲ್ಲಿ ಅಂಚೆ ಇಲಾಖೆ ‘ಮೈ ಸ್ಟಾಂಪ್’ ತಂದು ಈ ಇಕ್ಕಟ್ಟು ಬಿಡಿಸಿತು. ಮುನ್ನೂರು ರೂಪಾಯಿ, ಒಂದು ಫೋಟೋ, ಗುರುತಿನ ಚೀಟಿ ಕೊಟ್ಟರೆ ಹನ್ನೆರಡು ಚೀಟಿಗಳ ಹಾಳೆ ಬರುತ್ತದೆ. ಸರ್ಕಾರದ ಚಿತ್ರದ ಪಕ್ಕಕ್ಕೆ ನಮ್ಮ ಮುಖ. ಅಂದಿನಿಂದ ಕವನ ಸಂಕಲನದ ಬಿಡುಗಡೆಯ ಆಮಂತ್ರಣಗಳು ಕವಿಯ ಮುಖ ಹೊತ್ತೇ ಬರತೊಡಗಿದವು. ಟಿಕೇಟ್ ಮಾಸ್ತರರಿಗೆ ಇದು ಧರ್ಮಸಂಕಟ. ಸಾಹಿತಿ ಹೌದು, ಚೀಟಿಯೂ ಹೌದು, ಆದರೆ ಬೆಲೆ ಬರೆದಿರುವ ಭಾಗ ಬೇರೆ, ಮುಖವಿರುವ ಭಾಗ ಬೇರೆ. ನೆನೆಸಿ ಬಿಡಿಸುವುದಂತೂ ತಪ್ಪುವುದಿಲ್ಲ. ಹಾಗೆ ಪರಾತದಲ್ಲಿ ಮೂರು ನಾಲ್ಕು ತೇಲುತ್ತಿರುವ ಹೊತ್ತಿಗೇ ಕವಿಗಳು ಅಭಿಪ್ರಾಯ ಕೇಳಲು ಬರುತ್ತಾರೆ.

“ಏನ್ರಿ ಇದು! ನನಗ ನೀರಾಗ ಹಾಕೀರಿ?”

“ನೀವೊಬ್ರೇ ಅಲ್ರಿ, ಬದಿಗೆ ಪ್ರೇಮಚಂದ ಆದಾನ, ನೋಡ್ರಿ.”

ಕವಿ ಬಗ್ಗಿ ನೋಡುತ್ತಾರೆ. ಪಕ್ಕದಲ್ಲಿ ನಿಜವಾಗಿಯೂ 1980ರ ಮೂವತ್ತು ಪೈಸೆಯ ಪ್ರೇಮಚಂದ ತೇಲುತ್ತಿದ್ದಾನೆ. ಕವಿಯ ಸಿಟ್ಟು ಇಳಿಯುತ್ತದೆ. ಮೊಬೈಲು ತೆಗೆದು ಪರಾತದ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಸಂಕಲನದ ಬಗ್ಗೆ ಕೇಳುವುದನ್ನೇ ಮರೆತಿರುತ್ತಾರೆ. ಪುಸ್ತಕ ಅಷ್ಟರಲ್ಲಿ ಚೀಟಿಗಳ ಮೇಲೆ ಭಾರಕ್ಕೆ ಕುಳಿತಿರುತ್ತದೆ.

ಟಿಕೇಟ್ ಮಾಸ್ತರರು ಏನನ್ನೂ ಓದುವುದಿಲ್ಲವೆಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ರದ್ದಿಯವರಿಂದ ಕಿಲೋ ಲೆಕ್ಕದಲ್ಲಿ ತಂದ ಹಳೆ ಪಾಕೀಟುಗಳು ಖಾಲಿ ಇರುವುದಿಲ್ಲ. ಚೀಟಿ ಕತ್ತರಿಸಿದ ಮೇಲೆ ಒಳಗಿನ ಕಾಗದ ಕೈಯಲ್ಲಿ ಉಳಿಯುತ್ತದೆ. ಉದಗೀರಿನ ಅಡತಿಗೆ ಹೋದ ಹೆಸರಿನ ರೇಟು, ಪುಣೆಯ ಹಾಸ್ಟೆಲಿನಿಂದ ಇಪ್ಪತ್ತು ರೂಪಾಯಿ ಕೇಳಿದ ಮಗ, ಕೂಸಿಗೆ ಹೆಸರಿಡಲು ಎರಡು ಮನೆಗಳ ನಡುವೆ ನಡೆದ ಜಗ್ಗಾಟ, ಹೆಣ್ಣು ನೋಡಿ ಹೋದವರು ಆಮೇಲೆ ಬರೆದ, ಹೌದೂ ಇಲ್ಲವೂ ಅಲ್ಲದ ನಾಲ್ಕು ಸಾಲು. ಉರ್ದುವಿನಲ್ಲಿದ್ದರೆ ನೆರೆಮನೆಯ ಚಾಚಾರಿಂದ, ಮರಾಠಿಯ ಮೋಡಿಯಲ್ಲಿದ್ದರೆ ಊರಿಗೊಬ್ಬರೆಂಬಂತೆ ಉಳಿದಿರುವ ಮುದುಕರಿಂದ ಓದಿಸುತ್ತಾರೆ. ಹೆಣ್ಣಿನ ಕಡೆಯವರಿಗೆ ಮುಂದೇನಾಯಿತು ಎಂಬ ಚಿಂತೆಯಲ್ಲಿ ಅದೇ ರದ್ದಿ ಅಂಗಡಿಗೆ ಮತ್ತೆ ಹೋಗಿ, ಅದೇ ವಿಳಾಸದ ಉಳಿದ ಪಾಕೀಟುಗಳನ್ನು ಹುಡುಕುತ್ತಾರೆ. ಆಗ ಮೇಲಿನ ಚೀಟಿ ಯಾರದೆಂದು ನೋಡುವುದಿಲ್ಲ. ಸಾಮಾನ್ಯ ಟ್ರ್ಯಾಕ್ಟರಿನ ಚೀಟಿಯಿದ್ದರೂ ಸರಿಯೇ. ಈ ಕಾಗದಗಳನ್ನು ಎಸೆದ ಮಾಸ್ತರರನ್ನು ಯಾರೂ ಕಂಡಿಲ್ಲ; ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ವಿಳಾಸದ ಪ್ರಕಾರ ದಾರ ಕಟ್ಟಿ ಇಟ್ಟಿರುತ್ತಾರೆ.

ಹೊಸ ಪಾಕೀಟುಗಳ ಮೇಲೆ ಈಗ ಚೀಟಿಯೇ ಅಪರೂಪ. ಕೌಂಟರಿನಲ್ಲಿ ಮಷಿನ್ನು ಬಾರ್‌ಕೋಡಿನ ಪಟ್ಟಿ ಉಗುಳುತ್ತದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಚೀಟಿ ಬೇಕೆಂದರೆ ಚೀಟಿ ಹಚ್ಚಿ ಬರೆಯುವವರು ಬೇಕು; ಹಾಗೆ ಬರೆಯುವವರು ಯಾರೂ ಉಳಿಯದ್ದರಿಂದ ಮೂರೂ ಊರಿನ ಮಾಸ್ತರರು ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಾರೆ. ದಿನವೂ ಫೋನಿನಲ್ಲಿ ಮಾತಾಡುವವರೇ. “ಸದರಿ ಪತ್ರದಲ್ಲಿ ಬರೆಯಲು ವಿಶೇಷವೇನಿಲ್ಲ. ಮೇಲಿನ ಡಿ.ವಿ.ಜಿ.ಯನ್ನು ಜೋಪಾನವಾಗಿ ಬಿಡಿಸಿಕೊಂಡು ವಾಪಸು ಕಳಿಸುವುದು” ಎಂಬುದು ಇಂಥ ಪತ್ರದ ಸಾಮಾನ್ಯ ಮಾದರಿ. ಗವಾನನ ಶಾಸ್ತ್ರದಲ್ಲಿ ಈ ಬಗೆಗೆ ಅಧ್ಯಾಯವಿರಲಾರದು.

ಉತ್ತರಾಧಿಕಾರಿಯ ತಯಾರಿ ಅರವತ್ತೈದರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮಕ್ಕಳು ಹೈದರಾಬಾದು, ಪುಣೆ, ಬೆಂಗಳೂರುಗಳಲ್ಲಿ ನೌಕರಿಗೆ ಹತ್ತಿರುತ್ತಾರೆ, ಆಲ್ಬಮ್ಮು ಕಂಡರೆ “ಇದಕ್ಕ ಎಷ್ಟು ಬರ್ತದ ಅಪ್ಪಾ?” ಎಂದಷ್ಟೇ ಕೇಳುತ್ತಾರೆ. ಉಳಿದವನು ಮೊಮ್ಮಗ. ಆರರಿಂದ ಒಂಬತ್ತನೇ ತರಗತಿಯ ಮಕ್ಕಳಲ್ಲಿ ಈ ಹವ್ಯಾಸ ಬೆಳೆಸಲು ಅಂಚೆ ಇಲಾಖೆ 2017ರಿಂದ ‘ದೀನದಯಾಳ್ ಸ್ಪರ್ಶ್’ ಎಂಬ ವಿದ್ಯಾರ್ಥಿವೇತನ ಇಟ್ಟಿದೆ, ವರ್ಷಕ್ಕೆ ಆರು ಸಾವಿರ ರೂಪಾಯಿ. ಮೊಮ್ಮಗ ಆರನೇ ತರಗತಿ ಮುಟ್ಟಿದ ದಿನವೇ ಅಜ್ಜ ಚಿಮುಟ ಕೈಗೆ ಕೊಡುತ್ತಾರೆ, ಹಲ್ಲು ಎಣಿಸಲು ಕಲಿಸುತ್ತಾರೆ. ಆರು ಸಾವಿರಕ್ಕೆ ಯಾವ ಸೈಕಲ್ಲು ಬರುತ್ತದೆಂದು ಮೊಮ್ಮಗ ಅದಾಗಲೇ ವಿಚಾರಿಸಿರುತ್ತಾನೆ. ಕನ್ನಡದ ಜ್ಞಾನಪೀಠಿಗಳ ಹೆಸರು ಮಾತ್ರ ಚೆನ್ನಾಗಿ ಬಾಯಿಪಾಠವಾಗುತ್ತದೆ: ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ.

ಅದೇ ವರ್ಷ ಶಾಲೆಯಲ್ಲಿ ಪ್ರಾಜೆಕ್ಟು ಕೊಡುತ್ತಾರೆ. ವಿಷಯ ಕನ್ನಡದ ಎಂಟು ಜ್ಞಾನಪೀಠ ಪುರಸ್ಕೃತರು, ಚಿತ್ರಸಹಿತ. ಸೋಮವಾರ ಒಪ್ಪಿಸಬೇಕು. ಭಾನುವಾರ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕ ಚಿತ್ರಪಟದಲ್ಲಿ ನಾಲ್ವರ ಮುಖದ ಮೇಲೆ ಬಣ್ಣ ಕಲೆಸಿರುತ್ತದೆ. ಅಜ್ಜ ಆಬಿಡ್ಸಿನಲ್ಲಿ ಪುಸ್ತಕ ಕೊಡವುತ್ತಿರುತ್ತಾರೆ. ಮೊಮ್ಮಗ ಆಲ್ಬಮ್ಮು ತೆರೆದು, ಬಟರ್ ಪೇಪರು ಸರಿಸಿ, ಪ್ಲಾಸ್ಟಿಕ್ಕು ಬಿಡಿಸಿ, ಒಂದೇ ಚೀಟಿಯಲ್ಲಿ ಕುಳಿತ ನಾಲ್ವರನ್ನು ಕತ್ತರಿಯಿಂದ ನಾಲ್ಕು ಭಾಗ ಮಾಡಿ ಫೆವಿಕಾಲ್ ಹಚ್ಚುತ್ತಾನೆ. ಕತ್ತರಿಸುವಾಗ ಅಜ್ಜ ಕಲಿಸಿದಂತೆ ಹಲ್ಲು ಮುರಿಯದಂತೆ ನೋಡಿಕೊಂಡಿರುತ್ತಾನೆ. ಹತ್ತಕ್ಕೆ ಏಳು ಅಂಕ ಬರುತ್ತವೆ. “ನಾಲ್ಕು ಚಿತ್ರಗಳು ತೀರಾ ಸಣ್ಣವು” ಎಂದು ಕೆಂಪು ಶಾಯಿಯ ಷರಾ.

ಫೆವಿಕಾಲ್ ಉಗುರುಬೆಚ್ಚಗಿನ ನೀರಿಗೆ ಬಿಡುವುದಿಲ್ಲ. ಚಾರ್ಟು ಪರಾತದಲ್ಲಿ ಹಿಡಿಸುವುದೂ ಇಲ್ಲ. ಮಾಸ್ತರರ ಆಲ್ಬಮ್ಮಿನಲ್ಲಿ ಆ ಪುಟ ಈಗಲೂ ಹಾಗೇ ಇದೆ, ಖಾಲಿ ಚೌಕದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದ ವಿವರದ ಸಮೇತ: “ನಾಲ್ವರೂ ಸದ್ಯ ಆರನೇ ತರಗತಿ, ‘ಬಿ’ ವಿಭಾಗ, ಕಿಟಕಿಯ ಪಕ್ಕದ ಗೋಡೆ.”